ಕೊಡೆ ಹುಡುಗಿಯೂ ಡ್ರೈವಿಂಗ್ ಮೇಷ್ಟ್ರೂ

ಡ್ರೈವಿಂಗ್ ಮೇಷ್ಟ್ರು ಸುಮ್ಮನೆ ಕೂತದ್ದನ್ನು ಕಂಡವರು ಆ ಊರಿನಲ್ಲಿ ಯಾರೂ ಇರಲಿಲ್ಲ. ಹಲ್ಲಿನ ಡಾಕ್ಟರು ಬಾಯಿಯೊಳಗೆ ಎರಡೂ ಕೈ ಇಟ್ಟಿದ್ದಾಗಲೂ ಅವರು ಏನೋ ಹೇಳುತ್ತಲೇ ಇದ್ದರಂತೆ. ಡಾಕ್ಟರು ಸೋತು ಕೈ ಹೊರಗೆ ತೆಗೆದು, "ಮೊದಲು ಕಥೆ ಮುಗಿಸಿಬಿಡಿ, ಆಮೇಲೆ ಹಲ್ಲು ನೋಡೋಣ" ಅಂದರಂತೆ. ಇದನ್ನು ಹೇಳಿಕೊಂಡು ತಿರುಗಿದವರೂ ಮೇಷ್ಟ್ರೇ ಆದ್ದರಿಂದ ಎಷ್ಟು ನಂಬಬೇಕೋ ಅಷ್ಟು ನಂಬಿದರೆ ಸಾಕು.

ಅವರದು ಒಬ್ಬರೇ ನಡೆಸುವ ಡ್ರೈವಿಂಗ್ ಸ್ಕೂಲು. ಸ್ಕೂಲು ಅಂದರೆ ಒಂದು ಬಿಳಿ ಕಾರು, ಅದರ ನೆತ್ತಿಯ ಮೇಲೊಂದು ಕೆಂಪು ಬೋರ್ಡು, ಕಲಿಯುವವರ ಪಕ್ಕದ ಸೀಟಿನಲ್ಲಿ ಮೇಷ್ಟ್ರು. ಆ ಕಾರಿನಲ್ಲಿ ಬ್ರೇಕು ಎರಡು. ಒಂದು ಕಲಿಯುವವರ ಕಾಲಡಿ, ಇನ್ನೊಂದು ಮೇಷ್ಟ್ರ ಕಾಲಡಿ. "ಕಾರಿಗೆ ಎರಡೆರಡು ಬ್ರೇಕ್ ಹಾಕ್ಸಿದಾರೆ, ಬಾಯಿಗೆ ಒಂದಾದ್ರೂ ಬೇಡ್ವಾ?" ಎಂದು ಅವರ ಹೆಂಡತಿ ಕೇಳುವುದಿತ್ತು. ಆಕೆ ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತದ ಸೀಸೆಗಳಿಗೆ ಚೀಟಿ ಅಂಟಿಸಿ ಪರೀಕ್ಷೆ ಮಾಡುವವಳು. ಇಡೀ ದಿನ ಮಾತಾಡದ ಸೀಸೆಗಳ ಜೊತೆ ಇದ್ದು ಬಂದವಳಿಗೆ ಮನೆಯಲ್ಲಿ ಈ ಗಂಡ ಕಾದಿರುತ್ತಿದ್ದ.

ಮೇಷ್ಟ್ರ ಮಾತು ಬರೀ ಚಪಲ ಅಂದುಕೊಂಡರೆ ತಪ್ಪು. ಅದು ಕಸುಬಿನ ಗುಟ್ಟು. ಹೊಸದಾಗಿ ಕಲಿಯುವವರು ಸ್ಟೇರಿಂಗನ್ನು ಬಿಟ್ಟರೆ ಓಡಿಹೋಗುತ್ತದೆ ಎಂಬಂತೆ ಹಿಡಿದಿರುತ್ತಾರೆ. ಕಾಲು ಕಟ್ಟಿಗೆಯಾಗಿರುತ್ತದೆ. ಕ್ಲಚ್ಚನ್ನು ಮೆಲ್ಲಗೆ ಬಿಡಬೇಕು, ಹೆದರಿದ ಕಾಲಿಗೆ ಮೆಲ್ಲಗೆ ಎನ್ನುವುದೇ ತಿಳಿಯದು. ಹೆದರಬೇಡಿ ಅಂದರೆ ಇನ್ನಷ್ಟು ಹೆದರುತ್ತಾರೆ. ಅದಕ್ಕೇ ಮೇಷ್ಟ್ರು ಕಷ್ಟದ ಜಾಗ ನೂರು ಅಡಿ ದೂರ ಇರುವಾಗಲೇ, "ನಮ್ಮ ಮೇಲ್ಮನೆಯವರು ಒಂದ್ಸಲ ಫ್ರಿಜ್ ತಂದ್ರು, ಗೊತ್ತಾ?" ಎಂದು ಶುರು ಮಾಡಿಬಿಡುತ್ತಿದ್ದರು. ಕಿವಿ ಕಥೆಯ ಹಿಂದೆ ಹೋಗುತ್ತದೆ, ಕಾಲು ತನ್ನ ಪಾಡಿಗೆ ಕೆಲಸ ಮಾಡುತ್ತದೆ. ಫ್ರಿಜ್ಜು ಎರಡನೇ ಮಹಡಿಯ ತಿರುವಿನಲ್ಲಿ ಸಿಕ್ಕಿಹಾಕಿಕೊಳ್ಳುವಷ್ಟರಲ್ಲಿ ಕಲಿಯುವವರು ಮಾರ್ಕೆಟ್ಟಿನ ಸರ್ಕಲ್ ದಾಟಿ ಆಗಿರುತ್ತಿತ್ತು. ಸರ್ಕಲ್ಲಿಗೆ ಫ್ರಿಜ್ಜಿನ ಕಥೆ, ರಿವರ್ಸಿಗೆ ಅತ್ತೆಯ ಕಥೆ, ಇಳಿಜಾರಿಗೆ ಭಾವಮೈದುನನ ಮದುವೆಯ ಕಥೆ. ಇಪ್ಪತ್ತಾರು ವರ್ಷದಲ್ಲಿ ಬಂಧು ಬಳಗದ ಒಬ್ಬರನ್ನೂ ಆ ಕಾರು ಬಿಟ್ಟಿರಲಿಲ್ಲ.

ಬಿಟ್ಟದ್ದು ಮಗಳನ್ನು ಮಾತ್ರ. ಅವಳ ಬಗ್ಗೆ ಹೇಳುವುದಕ್ಕೆ ಏನೂ ಇರಲಿಲ್ಲ ಎಂಬುದೇ ಅದಕ್ಕೆ ಕಾರಣ. ಹದಿನೈದು ವರ್ಷದ ಆ ಹುಡುಗಿ ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು. ಹೂಂ, ಊಹೂಂ, ಬಂದೆ, ಹೋದೆ. ಮನೆಯ ಫೋನು ಹೊಡೆದುಕೊಂಡರೆ ಅದರ ಮುಂದೆ ನಿಂತು ಅದು ಸುಮ್ಮನಾಗುವ ತನಕ ಕಾಯುತ್ತಿದ್ದಳು. ಹೋದ ವರ್ಷ ಹೊಸ ಹೈಸ್ಕೂಲಿಗೆ ಸೇರಿದ ಮೇಲೆ ಆ ಹತ್ತೂ ಐದಾಗಿತ್ತು. "ಏನಾಯ್ತಮ್ಮ ಇವತ್ತು ಸ್ಕೂಲಲ್ಲಿ?" ಎಂದು ಮೇಷ್ಟ್ರು ದಿನಾ ಕೇಳುವರು. "ಏನಿಲ್ಲ" ಎಂದು ಅವಳು ದಿನಾ ಹೇಳುವಳು. ತನ್ನ ಮಾತಿನಲ್ಲಿ ಕಾಲು ಭಾಗವಾದರೂ ಮಗಳಿಗೆ ಬರಬಾರದಿತ್ತೇ ಎಂದು ಮೇಷ್ಟ್ರಿಗೆ ನಿಜವಾಗಿಯೂ ಸಂಕಟವಾಗುತ್ತಿತ್ತು.

ಒಂದು ಸಂಜೆ ಆರು ಗಂಟೆಗೆ ಅವರು ಮನೆಗೆ ಬಂದಾಗ ಮಗಳು ಸೋಫಾದ ಮೂಲೆಯಲ್ಲಿ ಮುದುಡಿಕೊಂಡು, ದಿಂಬಿಗೆ ಫೋನು ಒರಗಿಸಿಟ್ಟು ಏನೋ ನೋಡುತ್ತಿದ್ದಳು. ಅಂಗೈಯಗಲದ ಪರದೆಯಲ್ಲಿ ಒಬ್ಬ ಹುಡುಗಿ. ಅವಳ ಕೂದಲು ಪೊರಕೆಯ ಹಾಗೆ ನೆಟ್ಟಗೆ ನಿಂತಿತ್ತು, ಕೈಯಲ್ಲಿ ಹಳದಿ ಕೊಡೆ, ಎದೆಯಿಂದ ಡೋಲು ಬಡಿದಂಥ ಸದ್ದು.

"ಏನಮ್ಮ ಇದು, ಕಾರ್ಟೂನಾ?"

"ಕಾರ್ಟೂನಲ್ಲ, ಆನಿಮೆ."

ಆ ದಿನದ ಲೆಕ್ಕಕ್ಕೆ ಅದು ಮಗಳ ಮೂರನೇ ಮಾತು. ಮೇಷ್ಟ್ರು ಎರಡು ನಿಮಿಷ ಎಂದು ಪಕ್ಕದಲ್ಲಿ ಕೂತರು. ಆನಿಮೆ ಅಂದರೆ ಜಪಾನಿನವರು ಬಿಡಿಸಿದ ಚಿತ್ರದ ಕಥೆಯಂತೆ. ಇದರಲ್ಲಿ ಜಪಾನಿನ ಯಾವುದೋ ಹೈಸ್ಕೂಲು. ಆ ಹುಡುಗಿಗೆ ಯಾರೊಡನೆಯೂ ಮಾತಾಡಲು ಬಾರದು, ಅಂದರೆ ಒಳಗೆ ಬೇಕಾದಷ್ಟಿದೆ, ಹೊರಗೆ ಬರುವುದಿಲ್ಲ. ಪಕ್ಕದ ಬೆಂಚಿನವಳು ಒಂದು ದಿನ ತನ್ನ ಹಳದಿ ಕೊಡೆ ಮರೆತು ಹೋಗುತ್ತಾಳೆ. ಇವಳು ಅದನ್ನು ಎತ್ತಿಕೊಂಡು, "ಇದು ನಿನ್ನದು" ಎಂದು ಕೊಡಬೇಕು. ಇಷ್ಟೇ ಕಥೆ. ಅದು ಹನ್ನೆರಡು ಕಂತು.

"ಒಂದು ಕೊಡೆ ವಾಪಸ್ ಮಾಡೋಕೆ ಹನ್ನೆರಡು ಕಂತಾ!" ಮೇಷ್ಟ್ರು ಹಣೆ ಹಣೆ ಬಡಿದುಕೊಂಡರು. "ನಾನಾಗಿದ್ರೆ ಕೊಡೆ ಕೊಟ್ಟು, ಅವರ ಮನೆಯವ್ರನ್ನೆಲ್ಲ ಪರಿಚಯ ಮಾಡ್ಕೊಂಡು, ಊಟ ಮುಗಿಸ್ಕೊಂಡು ಬರ್ತಿದ್ದೆ."

"ಅದಕ್ಕೇ ನಿನ್ನ ಮೇಲೆ ಯಾರೂ ಆನಿಮೆ ಮಾಡಲ್ಲ ಅಪ್ಪ," ಅಂದಳು ಮಗಳು.

ಅವಳು ಚೇಷ್ಟೆ ಮಾಡಿದ್ದನ್ನು ಕೇಳಿ ಎಷ್ಟೋ ತಿಂಗಳಾಗಿತ್ತು. ಮೇಷ್ಟ್ರು ಅಲ್ಲಾಡದೆ ಕೂತರು. ಆದರೆ ಇನ್ನೊಂದು ತೊಂದರೆ. ಪರದೆಯಲ್ಲಿ ಅವರಾಡುವುದು ಜಪಾನೀ ಭಾಷೆ, ಅದರ ಅರ್ಥ ಕೆಳಗೆ ಸಣ್ಣ ಅಕ್ಷರದಲ್ಲಿ ಓಡುತ್ತದೆ. ಎರಡು ಬೀದಿ ಆಚೆಯ ಲಾರಿಯ ನಂಬರ್ ಪ್ಲೇಟು ಓದುವ ಮೇಷ್ಟ್ರಿಗೆ ಮೂಗಿನ ಕೆಳಗಿನ ಅಕ್ಷರ ಇರುವೆ ಸಾಲು. "ಏನಂದ್ಲು? ಈಗೇನಂದ್ಲು?" ಎಂದು ನಿಮಿಷಕ್ಕೆ ನಾಲ್ಕು ಸಲ ಕೇಳಿದರು. ಮಗಳು ತಾಳುವಷ್ಟು ತಾಳಿ, ಕೊನೆಗೆ ತಾನೇ ಜೋರಾಗಿ ಓದಲು ಶುರು ಮಾಡಿದಳು.

ಸುಮ್ಮನೆ ಓದಲಿಲ್ಲ. ಕೊಡೆ ಹುಡುಗಿಗೆ ಒಂದು ನಡುಗುವ ದನಿ, ಟೀಚರಿಗೆ ಒಂದು ಮೂಗಿನ ದನಿ, ಆ ಹುಡುಗಿಯ ತಮ್ಮನಿಗೆ ಒಂದು ಗೊಗ್ಗರು ದನಿ. ಅಂಥವೆಲ್ಲ ಈ ಹುಡುಗಿಯ ಗಂಟಲಲ್ಲಿ ಇದ್ದವೆಂದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಏಳಕ್ಕೆ ಕೆಲಸದಿಂದ ಬಂದ ಹೆಂಡತಿ, ಮನೆಗೆ ಯಾರೋ ನಾಲ್ಕೈದು ಜನ ನೆಂಟರು ಬಂದಿದ್ದಾರೆಂದು ಬಾಗಿಲಲ್ಲೇ ಸೆರಗು ಸರಿಮಾಡಿಕೊಂಡಳು. ಒಳಗೆ ಬಂದು ನೋಡಿದರೆ ಮಗಳೊಬ್ಬಳೇ ಮಾತಾಡುತ್ತಿದ್ದಾಳೆ, ಗಂಡ ಬಾಯಿ ಮುಚ್ಚಿ ಕೇಳುತ್ತಿದ್ದಾನೆ. ಆಕೆಗೆ ಯಾವುದನ್ನು ಮೊದಲು ನಂಬಬೇಕೋ ತಿಳಿಯಲಿಲ್ಲ.

ಅಂದಿನಿಂದ ದಿನಕ್ಕೊಂದು ಕಂತು. ಮಗಳು ಅದನ್ನು ಆಗಲೇ ಎರಡು ಸಲ ನೋಡಿದ್ದಳು, ಆದರೂ ಮುಂದೇನೆಂದು ಬಾಯಿ ಬಿಡುತ್ತಿರಲಿಲ್ಲ. ಮೂರನೇ ದಿನ ಮೇಷ್ಟ್ರು ಕೇಳಿದರು: "ಇದನ್ನ ನಮ್ಮ ಕಾರಲ್ಲಿ ಹೇಳ್ಲಾ?"

"ಹೇಳು. ಆದ್ರೆ ಸರಿಯಾಗಿ ಹೇಳು. ಕೊಡೆ ಹಳದಿ."

ಫ್ರಿಜ್ಜು, ಅತ್ತೆ, ಭಾವಮೈದುನ ಎಲ್ಲರಿಗೂ ರಜೆ ಸಿಕ್ಕಿತು. ಇಡೀ ಕಾರಿನಲ್ಲಿ ಕೊಡೆ ಹುಡುಗಿಯದೇ ಮಾತು. ಹೆದರಿಕೆಯಿಂದ ಬೆವರುವ ಕಲಿಯುವವರಿಗೆ ತಮಗಿಂತ ಹೆಚ್ಚು ಹೆದರುವ ಒಬ್ಬಳು ಸಿಕ್ಕಿದ್ದು ದೊಡ್ಡ ಸಮಾಧಾನ. ರಿಟೈರಾದ ಒಬ್ಬ ನರ್ಸಮ್ಮ ಇದ್ದರು, ಅರವತ್ತೊಂದು ವಯಸ್ಸು. ಅರ್ಧ ಊರಿಗೆ ಇಂಜೆಕ್ಷನ್ ಚುಚ್ಚಿದ ಕೈ, ಸರ್ಕಲ್ ಬಂದರೆ ಗಡಗಡ. ಆಕೆ ಕೊಡೆ ಹುಡುಗಿಯ ಚಿಂತೆಯಲ್ಲಿ ಸರ್ಕಲ್ಲನ್ನು ಎರಡು ಸುತ್ತು ಹಾಕಿದ್ದೂ ಗೊತ್ತಾಗಲಿಲ್ಲ. "ಆ ಮಗೂಗೆ ಬೆಳಿಗ್ಗೆ ಹೊತ್ತು ಕೊಡೋಕೆ ಹೇಳಿ ಮೇಷ್ಟ್ರೇ, ತಿಂಡಿ ತಿಂದ ಮೇಲೆ ಧೈರ್ಯ ಜಾಸ್ತಿ ಇರುತ್ತೆ" ಎಂದು ಹೇಳಿ ಕಳಿಸಿದರು. ಕಲಿಯಲು ಬರುತ್ತಿದ್ದ ಬೇಕರಿಯವನು, "ಬೆಂಚಿನ ಮೇಲಿಟ್ಟು ಕಾಲಿಗೆ ಬುದ್ಧಿ ಹೇಳೋದಪ್ಪ, ಅದಕ್ಕೇನು" ಎಂದು ಸಲಹೆ ಕೊಟ್ಟ.

ಈ ಸಲಹೆಗಳೆಲ್ಲ ಸಂಜೆ ಮನೆಗೆ ಬರುತ್ತಿದ್ದವು. ಮಗಳು ಅವನ್ನು ಕೇಳಲೆಂದೇ ಕಾದಿರುತ್ತಿದ್ದಳು. "ಬೇಕರಿಯವರಿಗೆ ಹೇಳು, ಅದನ್ನ ನಾಲ್ಕನೇ ಕಂತಲ್ಲಿ ಮಾಡ್ತಾಳೆ. ಬೇರೆಯವರ ಬೆಂಚಲ್ಲಿ ಇಟ್ಟುಬಿಡ್ತಾಳೆ" ಎಂದು ಹೊಟ್ಟೆ ಹಿಡಿದುಕೊಂಡು ನಗುವಳು. ಮೇಷ್ಟ್ರಿಗೆ ಆ ದಿನಗಳಲ್ಲಿ ಕಾಲು ನೆಲದ ಮೇಲಿರಲಿಲ್ಲ.

ಎಂಟನೇ ಕಂತಿನಲ್ಲಿ ಕೊಡೆ ಹುಡುಗಿ ರಸ್ತೆ ಬದಿಯ ತಂಪು ಪಾನೀಯದ ಮಿಷಿನ್ನಿನ ಮುಂದೆ ನಿಂತು, ಅದನ್ನೇ ಪಕ್ಕದ ಬೆಂಚಿನವಳೆಂದುಕೊಂಡು, "ಇದು ನಿನ್ನದು, ಇದು ನಿನ್ನದು" ಎಂದು ಅಭ್ಯಾಸ ಮಾಡುತ್ತಾಳೆ. ಮೇಷ್ಟ್ರು ಬಿದ್ದು ಬಿದ್ದು ನಕ್ಕರು. ನಗು ಮುಗಿದ ಮೇಲೆ ನೋಡಿದರೆ ಮಗಳು ಓದುವುದನ್ನು ನಿಲ್ಲಿಸಿ, ಫೋನನ್ನೂ ನಿಲ್ಲಿಸಿದ್ದಳು.

"ನಾನೂ ಹೀಗೇ ಅಪ್ಪ," ಅಂದಳು.

ಮಧ್ಯಾಹ್ನದ ಊಟಕ್ಕೆ ಅವಳು ಕೂರುವುದು ತಾರಸಿಗೆ ಹೋಗುವ ಮೆಟ್ಟಿಲ ಮೇಲೆ. ತಿರುವು ದಾಟಿದ ಮೇಲಿನ ಮೂರನೇ ಮೆಟ್ಟಿಲು, ಅಲ್ಲಿ ಕೂತರೆ ಕೆಳಗಿನವರಿಗೆ ಕಾಣುವುದಿಲ್ಲ. ಡಬ್ಬಿಯ ಪಕ್ಕ ಒಂದು ಪುಸ್ತಕ ಬಿಚ್ಚಿಟ್ಟುಕೊಳ್ಳುತ್ತಾಳೆ, ಯಾರಾದರೂ ಬಂದರೆ ಓದುತ್ತಿದ್ದೇನೆ ಎನ್ನಬಹುದು. ಜಾಮಿಟ್ರಿ ಬಾಕ್ಸಿನಲ್ಲಿ ಒಂದು ಚೀಟಿ ಇದೆ. ಅದರಲ್ಲಿ "ನಾನೂ ನಿಮ್ಮ ಜೊತೆ ಕೂತ್ಕೊಳ್ಳಲಾ?" ಎಂದು ಬರೆದಿದ್ದಾಳೆ, ಮರೆತುಹೋಗಬಾರದು ಎಂದು. ಬರೆದು ನಾಲ್ಕು ತಿಂಗಳಾಯಿತು.

ಇಷ್ಟು ಹೇಳಿ ಅವಳು ಮತ್ತೆ ಫೋನು ಶುರು ಮಾಡಿದಳು. ಈ ಸಲ "ಹೂಂ" ಎಂದವರು ಮೇಷ್ಟ್ರು. ಕತ್ತಲ ಮೆಟ್ಟಿಲ ಮೇಲೆ ಒಬ್ಬಳೇ ಡಬ್ಬಿ ಬಿಚ್ಚುವ ಮಗಳು ಅವರ ಕಣ್ಣ ಮುಂದಿನಿಂದ ಹೋಗಲಿಲ್ಲ. ಜೊತೆಗೇ ಒಂದು ಸಂತೋಷ, ಅವರಿಗೇ ನಾಚಿಕೆಯಾಗುವಂಥದು: ಅವಳು ಅಮ್ಮನಿಗಲ್ಲ, ತನಗೆ ಹೇಳಿದ್ದಾಳೆ.

ಇನ್ನು ಅವರು ಮಾಡಿದ ತಪ್ಪು. ಕಲಿಯುವವರಲ್ಲಿ ಬ್ಯಾಂಕಿನ ಕೌಂಟರಿನಲ್ಲಿ ಕೂರುವ ಒಬ್ಬ ಹೆಂಗಸಿದ್ದಳು. ಆಕೆಗೆ ಹೊಳೆಯ ಸೇತುವೆಯ ಏರು ಕಂಡರೆ ಆಗದು. ಏರಿನಲ್ಲಿ ಕಾರು ನಿಂತರೆ ಬ್ರೇಕು ಬಿಟ್ಟ ಕೂಡಲೇ ಹಿಂದಕ್ಕೆ ಜಾರುತ್ತದೆ, ಅರ್ಧ ಕ್ಲಚ್ಚಿನಲ್ಲಿ ಹಿಡಿದು ಏರಿಸಬೇಕು. ಅಂದು ಸೇತುವೆಯ ಮೇಲೆ ವಾಹನಗಳು ಸಾಲುಗಟ್ಟಿ ನಿಂತುಬಿಟ್ಟವು. ಒಂದು ಕಂತಿಗೆ ಇಪ್ಪತ್ತನಾಲ್ಕು ನಿಮಿಷ, ಒಂದು ಪಾಠಕ್ಕೆ ನಲವತ್ತು. ಒಂಬತ್ತನೇ ಕಂತನ್ನು ಮೇಷ್ಟ್ರು ಸೇತುವೆಗೆ ಬರುವ ಮೊದಲೇ ಹೇಳಿ ಮುಗಿಸಿದ್ದರು. ಕಾರು ಮೂರು ಸಲ ಆಫ್ ಆಯಿತು. ಹಿಂದಿನಿಂದ ಹಾರನ್ನುಗಳು. ಬ್ಯಾಂಕಿನಾಕೆಯ ಕಣ್ಣಲ್ಲಿ ನೀರು ಬಂತು. "ಮುಂದೇನಾಯ್ತು ಮೇಷ್ಟ್ರೇ, ಏನಾದ್ರೂ ಹೇಳಿ!"

ಮುಂದೇನಾಯಿತೆಂದು ಮೇಷ್ಟ್ರಿಗೇ ಗೊತ್ತಿರಲಿಲ್ಲ. ಆದರೆ ಬಾಯಿ ತೆರೆದಾಗಿತ್ತು. "ಮುಂದೇನಾಯ್ತು ಅಂದ್ರೆ, ಆ ಹುಡುಗಿ ಊಟಕ್ಕೆ ಎಲ್ಲಿ ಕೂರ್ತಾಳೆ ಗೊತ್ತಾ? ತಾರಸಿ ಮೆಟ್ಟಿಲಿನ ಮೇಲೆ. ಮೂರನೇ ಮೆಟ್ಟಿಲು..." ಪುಸ್ತಕ ಬಂತು, ಜಾಮಿಟ್ರಿ ಬಾಕ್ಸು ಬಂತು, ಚೀಟಿಯೂ ಬಂತು. ಬ್ಯಾಂಕಿನಾಕೆ "ಅಯ್ಯೋ ಪಾಪ, ಕಂದಾ" ಎನ್ನುತ್ತ ಬೆಣ್ಣೆಯ ಹಾಗೆ ಕ್ಲಚ್ಚು ಬಿಟ್ಟು ಸೇತುವೆ ಏರಿಸಿದಳು. ಮೇಷ್ಟ್ರು ತಮ್ಮ ಬೆನ್ನು ತಾವೇ ತಟ್ಟಿಕೊಂಡರು. ಏನು ಮಾಡಿದೆ ಎಂಬುದು ಆ ಗಳಿಗೆಯಲ್ಲಿ ಅವರ ತಲೆಗೇ ಹೋಗಲಿಲ್ಲ, ಇದು ನಿಜ.

ಬ್ಯಾಂಕಿನಾಕೆ ಆ ಕಥೆಯನ್ನು ಮನೆಯಲ್ಲಿ ತನ್ನ ಮಗಳಿಗೆ ಹೇಳಿದಳು. ಆ ಮಗಳು ಕ್ಲಾಸ್ ಲೀಡರ್. ಗಟ್ಟಿ ದನಿ, ಒಳ್ಳೆ ಮನಸ್ಸು, ಎರಡೂ ಅಗತ್ಯಕ್ಕಿಂತ ಹೆಚ್ಚು. ಅವಳು ಆ ಆನಿಮೆ ನೋಡಿದ್ದಳು. "ಅದ್ರಲ್ಲಿ ಮೆಟ್ಟಿಲೇ ಬರಲ್ಲಮ್ಮ" ಅಂದಳು. ಆಮೇಲೆ ಸ್ವಲ್ಪ ಯೋಚಿಸಿ, "ನಮ್ಮ ಕ್ಲಾಸಲ್ಲಿ ಒಬ್ಳಿದಾಳೆ. ಅವಳ ಅಪ್ಪ ಡ್ರೈವಿಂಗ್ ಹೇಳ್ಕೊಡೋದು" ಅಂದಳು. ಮಾರನೆಯ ದಿನ ಊಟದ ಗಂಟೆ ಹೊಡೆದ ಕೂಡಲೇ ಲೀಡರಮ್ಮ ಐದು ಹುಡುಗಿಯರನ್ನು ಕಟ್ಟಿಕೊಂಡು, ಆರು ಡಬ್ಬಿಗಳ ಸಮೇತ ತಾರಸಿಯ ಮೆಟ್ಟಿಲು ಹತ್ತಿ, "ನೀನಿನ್ಮೇಲೆ ಒಬ್ಳೇ ಅಲ್ಲ!" ಎಂದು ಇಡೀ ಮಹಡಿಗೆ ಕೇಳುವಂತೆ ಸಾರಿದಳು. ಚೀಟಿ ತೋರಿಸು ಅಂತಲೂ ಕೇಳಿದಳಂತೆ.

ಅಂದು ಸಂಜೆ ಮೇಷ್ಟ್ರು ಮನೆಗೆ ಬಂದಾಗ ದಿಂಬಿಗೆ ಫೋನು ಒರಗಿರಲಿಲ್ಲ. ಮಗಳು ಹೆಗಲಿನಿಂದ ಬ್ಯಾಗೂ ಇಳಿಸದೆ ನಿಂತಿದ್ದಳು.

"ಮೂರನೇ ಮೆಟ್ಟಿಲು ಯಾವ ಕಂತಲ್ಲಿ ಬರುತ್ತೆ ಅಪ್ಪ?"

ಮೇಷ್ಟ್ರು, "ಅದು, ಸೇತುವೆ ಮೇಲೆ, ಮೂರು ಸಲ ಆಫ್ ಆಗಿ..." ಎಂದು ಶುರು ಮಾಡುವಷ್ಟರಲ್ಲಿ ಕೋಣೆಯ ಬಾಗಿಲು ಮುಚ್ಚಿತು. ದಡಾರನೆ ಮುಚ್ಚಿದ್ದರೆ ವಾಸಿಯಿತ್ತು. ಮೆಲ್ಲಗೆ ಮುಚ್ಚಿತು.

ಐದಾಗಿದ್ದ ಮಾತು ಸೊನ್ನೆಯಾಯಿತು. ಹೂಂ ಇಲ್ಲ, ಊಹೂಂ ಇಲ್ಲ. ಆನಿಮೆಯ ಮೂರು ಕಂತು ಹಾಗೇ ಉಳಿಯಿತು. ಮೇಷ್ಟ್ರು ಒಂದು ದಿನ ತಮ್ಮದೇ ಫೋನಿನಲ್ಲಿ ಹತ್ತನೇ ಕಂತು ಹಾಕಿ ಎರಡು ನಿಮಿಷ ನೋಡಿದರು. ಕೊಡೆ ಹುಡುಗಿ ಜಪಾನೀ ಭಾಷೆಯಲ್ಲಿ ಕೀಚಲು ದನಿಯಲ್ಲಿ ಏನೋ ಅಂದಳು. ಅದು ಅವಳ ದನಿಯೇ ಅಲ್ಲ, ಯಾರೋ ಬೇರೆಯವರ ಮನೆ ಹುಡುಗಿ ಎನ್ನಿಸಿ ನಿಲ್ಲಿಸಿಬಿಟ್ಟರು. ಮುಂದಿನ ಕಥೆ ಅವರಿಗೆ ಬೇಕಿರಲಿಲ್ಲ. ಮಗಳು ಮತ್ತೆ ಪಕ್ಕಕ್ಕೆ ಕರೆದು ಕೂರಿಸಿಕೊಳ್ಳಬೇಕಿತ್ತು.

ಕಾರಿನಲ್ಲಿ ಅವರು ತುಟಿ ಪಿಟಕ್ಕೆನ್ನಲಿಲ್ಲ. ಮಾತಾಡುವ ಮೇಷ್ಟ್ರಿಗಿಂತ ಮಾತಾಡದ ಮೇಷ್ಟ್ರು ಅಪಾಯ ಎಂದು ಊರಿಗೆ ಆಗ ಗೊತ್ತಾಯಿತು. ತಾನೇನು ತಪ್ಪು ಮಾಡಿದೆನೋ ಎಂಬ ಗಾಬರಿಯಲ್ಲಿ ಬೇಕರಿಯವನು ಕಸದ ಡಬ್ಬಕ್ಕೆ ಗುದ್ದಿದ. ನರ್ಸಮ್ಮ ಸರ್ಕಲ್ಲಿನ ನಡುವೆಯೇ ಕಾರು ನಿಲ್ಲಿಸಿ ಮೇಷ್ಟ್ರ ಮಣಿಕಟ್ಟು ಹಿಡಿದು ನಾಡಿ ನೋಡಿ, "ಎಲ್ಲಿ, ನಾಲಿಗೆ ತೋರ್ಸಿ" ಅಂದರು.

ಮೂರನೇ ದಿನ ಮೇಷ್ಟ್ರು ಮಗಳ ಮುಚ್ಚಿದ ಬಾಗಿಲ ಹೊರಗೆ ನಿಂತು ಕ್ಷಮೆ ಕೇಳಿದರು. ಇಪ್ಪತ್ತು ನಿಮಿಷ ಕೇಳಿದರು. ಅದರಲ್ಲಿ ಸೇತುವೆಯ ಏರು ಬಂತು, ತಾವು ಚಿಕ್ಕವರಿದ್ದಾಗ ತಮ್ಮಪ್ಪ ಬೈದದ್ದು ಬಂತು, ಸಾಕ್ಷಿಗೆಂದು ಫ್ರಿಜ್ಜೂ ಬಂದು ಹೋಯಿತು. ಒಳಗಿನಿಂದ ಸದ್ದಿಲ್ಲ. ಅಡುಗೆಮನೆಯಿಂದ ಹೆಂಡತಿ ಕೈ ಒರೆಸಿಕೊಳ್ಳುತ್ತ ಬಂದಳು.

"ರೀ, ಅವಳು ಕಿವಿಗೆ ಇಯರ್‌ಫೋನ್ ಹಾಕ್ಕೊಂಡು ಅರ್ಧ ಗಂಟೆ ಆಯ್ತು."

"ಕ್ಷಮೆ ಕೇಳ್ತಿದ್ದೆ ಕಣೇ."

"ನೀವು ಕೇಳಿದ್ದು ಕ್ಷಮೆ ಅಲ್ಲ, ತಗೊಂಡಿದ್ದು ಕ್ಲಾಸು. ಏನು ಹೇಳ್ಬೇಕೋ ಬರೆದಿಟ್ಕೊಳ್ಳಿ. ಬರೆದು ಅರ್ಧ ಹೊಡೆದು ಹಾಕಿ. ಉಳಿದದ್ರಲ್ಲೂ ಅರ್ಧ ಹೊಡೆದು ಹಾಕಿ."

ಮಾರನೆಯ ಮಧ್ಯಾಹ್ನ ಮೇಷ್ಟ್ರು ಆಟದ ಮೈದಾನದ ಪಕ್ಕ ಕಾರು ನಿಲ್ಲಿಸಿ, ಹಾಜರಿ ಕಾರ್ಡುಗಳ ಬೆನ್ನ ಮೇಲೆ ಬರೆದರು. ಐದು ಕಾರ್ಡು ತುಂಬಿತು. ಹೊಡೆಯಲು ಕೂತರು. ಎಲ್ಲೆಲ್ಲಿ "ಆದರೆ" ಇತ್ತೋ ಆ ಸಾಲು ಹೊಡೆದರು, ಕಾರ್ಡು ಮೂರಾಯಿತು. ಎಲ್ಲೆಲ್ಲಿ ತಮ್ಮ ಬಗ್ಗೆ ಇತ್ತೋ ಅದನ್ನು ಹೊಡೆದರು, ಒಂದಾಯಿತು. ಕೊನೆಗೆ ಉಳಿದದ್ದು ಮೂರು ಸಾಲು. ಅದನ್ನು ಸ್ಟೇರಿಂಗಿಗೆ ಹೇಳಿ ನೋಡಿದರು. ಎರಡನೇ ಸಾಲಿನಲ್ಲಿ ದನಿ ಆಫ್ ಆಯಿತು. ಇನ್ನೊಮ್ಮೆ ಹೇಳಿದರು, ಮೊದಲನೆಯದಕ್ಕೇ ಆಫ್ ಆಯಿತು. ಮಿಷಿನ್ನಿನ ಮುಂದೆ ನಿಂತ ಹುಡುಗಿಯನ್ನು ನೋಡಿ ತಾನು ಬಿದ್ದು ಬಿದ್ದು ನಕ್ಕದ್ದು ನೆನಪಾಗಿ ಅವರ ಮುಖ ಬಿಸಿಯಾಯಿತು. ಮೂರು ಸಾಲು ಹೇಳುವುದು ಇಷ್ಟು ಕಷ್ಟವಾದರೆ, ನಾಲ್ಕು ತಿಂಗಳು ಒಂದು ಸಾಲನ್ನು ಹೊತ್ತುಕೊಂಡು ದಿನಾ ಸ್ಕೂಲಿಗೆ ಹೋಗಿ ಬರುವವಳು ಹೇಡಿಯಲ್ಲ. ಐವತ್ತೆರಡನೇ ವಯಸ್ಸಿನಲ್ಲಿ ಮೇಷ್ಟ್ರಿಗೆ ಇದು ತಿಳಿಯಿತು.

ಸಂಜೆ ಆರಕ್ಕೆ ಮಗಳು ಸೋಫಾದ ಮೇಲೆ ಕಾಲು ಚಾಚಿ, ಯಾರಿಗೂ ಜಾಗವಿಲ್ಲದ ಹಾಗೆ ಕೂತಿದ್ದಳು. ಮೇಷ್ಟ್ರು ಎದುರು ನಿಂತು ಜೇಬಿನಿಂದ ಕಾರ್ಡು ತೆಗೆದರು. ಅಕ್ಷರ ಕಾಣಲಿಲ್ಲ. ಇನ್ನೊಂದು ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡು ಓದಿದರು.

"ನೀನು ನಂಬಿ ಹೇಳಿದ ಮಾತನ್ನ ನಾನು ಹೊರಗೆ ಆಡ್ದೆ. ಅದು ನನ್ನ ಮಾತಾಗಿರ್ಲಿಲ್ಲ, ನಿಂದು. ತಪ್ಪಾಯ್ತಮ್ಮ."

ಮುಗಿಯಿತು. ಇನ್ನೂ ಹೇಳು ಹೇಳು ಎಂದು ನಾಲಿಗೆ ತುರಿಸಿತು, ಅವರು ಹಲ್ಲು ಕಚ್ಚಿ ನಿಂತರು. ಗೋಡೆಯ ಗಡಿಯಾರದ ಸದ್ದು ಕೇಳಿಸಿತು. ಆ ಮನೆಯಲ್ಲಿ ಗಡಿಯಾರಕ್ಕೆ ಸದ್ದಿದೆ ಎಂದು ಅವರಿಗೆ ಅಂದೇ ತಿಳಿದದ್ದು. ಮಗಳು ಅವರ ಮುಖವನ್ನೇ ನೋಡುತ್ತಿದ್ದಳು.

"ಕನ್ನಡಕ ಯಾವಾಗ ತಗೊಂಡೆ?"

ಕನ್ನಡಕದ ವಿಷಯ ಮೇಷ್ಟ್ರು ಯಾರಿಗೂ ಹೇಳಿರಲಿಲ್ಲ, ಅದಕ್ಕೇ ನಾವೂ ಹೇಳಿರಲಿಲ್ಲ. ಅವರು ಸಿಕ್ಕಿಬಿದ್ದ ಕಳ್ಳನಂತೆ ತಲೆ ತಗ್ಗಿಸಿದರು. "ಮೂರನೇ ಕಂತಿನ ದಿನ."

"ಮತ್ತೆ ಅಕ್ಷರ ಕಾಣಲ್ಲ ಅಂತ ನನ್ನ ಕೈಲಿ ಓದಿಸ್ತಿದ್ಯಲ್ಲ!"

"ನಿನ್ನ ದನಿ ಕೇಳೋಕೆ," ಅಂದರು ಮೇಷ್ಟ್ರು. ಇದು ಕಾರ್ಡಿನಲ್ಲಿರಲಿಲ್ಲ.

ಅವಳು ಕಾಲು ಮಡಚಿಕೊಂಡಳು. ಒಬ್ಬರು ಕೂರುವಷ್ಟು ಜಾಗವಾಯಿತು. "ಶಿಕ್ಷೆ," ಅಂದಳು. "ಇವತ್ತು ನೀನೇ ಓದು."

ಹತ್ತನೇ ಕಂತನ್ನು ಮೇಷ್ಟ್ರು ಓದಿದರು. ಕೊಡೆ ಹುಡುಗಿಗೂ ಟೀಚರಿಗೂ ಒಂದೇ ದನಿ, ಅದೂ ಗೇರ್ ಬದಲಿಸಿ ಎನ್ನುವ ದನಿ. ಒಂದು ಸಾಲು ಓದುವಷ್ಟರಲ್ಲಿ ಮೂರು ಸಾಲು ಓಡಿಹೋಗುತ್ತಿತ್ತು. ಆರು ನಿಮಿಷ ಸಹಿಸಿಕೊಂಡ ಮಗಳು, "ಬಿಡು, ಅವಳ ಮಾನ ತೆಗೀಬೇಡ" ಎಂದು ತಾನೇ ಓದತೊಡಗಿದಳು.

ಹನ್ನೆರಡನೇ ಕಂತಿನಲ್ಲಿ ಕೊಡೆ ಹುಡುಗಿ ಕೊನೆಗೂ ಕೊಡೆ ಕೊಟ್ಟಳು. ಪಕ್ಕದ ಬೆಂಚಿನವಳು ಅದನ್ನು ತೆಗೆದುಕೊಂಡು ಕಿವಿಯ ತನಕ ಕೆಂಪಾಗಿ, ತಾನದನ್ನು ಮರೆತೇ ಇರಲಿಲ್ಲ, ಇವಳು ವಾಪಸು ಕೊಡಲು ಬಂದಾಗ ಮಾತಾಡಿಸೋಣವೆಂದು ಬೇಕಂತಲೇ ಬಿಟ್ಟು ಹೋಗಿದ್ದೆ ಎಂದಳು. ಅವಳಿಗೂ ಮಾತು ಬರುತ್ತಿರಲಿಲ್ಲ. ಮೇಷ್ಟ್ರು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿ, ಹಾಕಿಕೊಂಡು, ಮತ್ತೆ ತೆಗೆದು ಒರೆಸಿದರು.

ಮಗಳು ಫೋನು ಮಗುಚಿಟ್ಟಳು. ಆಮೇಲೆ ಅಂದು ಸ್ಕೂಲಿನಲ್ಲಿ ನಡೆದ ಒಂದು ವಿಷಯ ಹೇಳಿದಳು. ನಾಲ್ಕೇ ಮಾತಿನಲ್ಲಿ ಹೇಳಿ, "ಇದು ಕಾರಿಗಲ್ಲ" ಅಂದಳು.

"ಅಲ್ಲ," ಅಂದರು ಮೇಷ್ಟ್ರು. ಅದೇನೆಂದು ಇಲ್ಲಿ ಬರೆಯುವಂತಿಲ್ಲ. ಕೇಳಿದ ಮೇಲೆ ಅವರಿಗೆ ಎದ್ದು ಕುಣಿಯಬೇಕೆನ್ನಿಸಿತು ಎಂದಷ್ಟೇ ಹೇಳಬಹುದು.

ಮಾರನೆಯ ದಿನ ಮೇಷ್ಟ್ರಿಗೆ ಬಾಯಿ ತುಂಬ ನೀರು ತುಂಬಿಕೊಂಡು ನಡೆಯುವವರ ಪಾಡು. ನರ್ಸಮ್ಮನಿಗೆ ಕೊಡೆಯ ಕೊನೆ ಹೇಳಿದರು, ಆಕೆ ಸಂತೋಷದಿಂದ ಕಾರಣವಿಲ್ಲದೆ ಹಾರನ್ ಹೊಡೆದರು. ಕೊನೆಯ ಪಾಠ ಬ್ಯಾಂಕಿನಾಕೆಯದು. ಆಕೆ ಮೊದಲೇ ಅರ್ಧ ಪಾಠ ಕ್ಷಮೆ ಕೇಳುವುದರಲ್ಲಿ ಕಳೆದಿದ್ದಳು. ಕೊಡೆಯ ಕೊನೆಯೂ ಸೇತುವೆಗೆ ಬರುವ ಮೊದಲೇ ಮುಗಿಯಿತು. ಸೇತುವೆಯ ಏರಿನಲ್ಲಿ ಅಂದೂ ವಾಹನಗಳು ನಿಂತಿದ್ದವು. ಕಾರು ಒಮ್ಮೆ ಆಫ್ ಆಯಿತು, ಎರಡನೇ ಸಲವೂ ಆಯಿತು. ಹಿಂದೆ ಬಸ್ಸಿನವನು ಹಾರನ್ ಮೇಲಿನ ಕೈ ತೆಗೆಯುತ್ತಿರಲಿಲ್ಲ.

"ಏನಾದ್ರೂ ಹೇಳಿ ಮೇಷ್ಟ್ರೇ, ಕಾಲು ಆಡ್ತಿಲ್ಲ! ನಿಮ್ಮ ಮಗಳು ಹೇಗಿದಾಳೆ? ನಮ್ಮವಳನ್ನ ಕೇಳಿದ್ರೆ ಬಾಯೇ ಬಿಡ್ತಿಲ್ಲ!"

ಮೇಷ್ಟ್ರ ನಾಲಿಗೆಯ ತುದಿಯಲ್ಲಿ ಈ ಇಪ್ಪತ್ತಾರು ವರ್ಷಗಳಲ್ಲೇ ಒಳ್ಳೆಯ ಕಥೆ ಕೂತಿತ್ತು. ಅದನ್ನು ಹೇಳಿದರೆ ಈ ಕಾರೇನು, ಹಿಂದಿನ ಬಸ್ಸೂ ತಾನಾಗಿ ಏರಿಬಿಡುತ್ತಿತ್ತು. ಅವರು ಉಗುಳು ನುಂಗಿದರು.

"ಚೆನ್ನಾಗಿದಾಳೆ," ಅಂದರು. "ಅದಿರ್ಲಿ, ಒಬ್ಬ ದಡ್ಡ ಅಪ್ಪ ಮುಚ್ಚಿದ ಬಾಗಿಲಿಗೆ ಇಪ್ಪತ್ತು ನಿಮಿಷ ಕ್ಷಮೆ ಕೇಳಿದ ಕಥೆ ಗೊತ್ತಾ? ಒಳಗಡೆ ಮಗಳು ಕಿವಿಗೆ ಇಯರ್‌ಫೋನ್ ಹಾಕ್ಕೊಂಡಿದ್ಲು..."

ಬ್ಯಾಂಕಿನಾಕೆ ಕಿಸಕ್ಕನೆ ನಕ್ಕಳು. ಕಾರು ಅರ್ಧ ಕ್ಲಚ್ಚಿನಲ್ಲಿ ಒಮ್ಮೆ ನಡುಗಿ, ಹಿಡಿದು, ಏರಿತು.

ಸಂಜೆ ಮೇಷ್ಟ್ರು ಮನೆಗೆ ಬಂದಾಗ ಮಗಳು ಬಾಗಿಲಿನಲ್ಲೇ ನಿಂತಿದ್ದಳು.

"ಹೇಳಿದ್ಯಾ?"

"ಇಲ್ಲ."

"ಯಾರಿಗೂ?"

"ನಿಮ್ಮಮ್ಮನಿಗೂ ಇಲ್ಲ."

ಮಗಳು ಅವರ ಮುಖವನ್ನು ಎಡಗಡೆಯಿಂದ ಒಮ್ಮೆ, ಬಲಗಡೆಯಿಂದ ಒಮ್ಮೆ ನೋಡಿದಳು. ಸುಳ್ಳು ಸಿಗಲಿಲ್ಲ.

"ಹಾಗಾದ್ರೆ ಇನ್ನೊಂದು ಹೇಳ್ತೀನಿ, ಕೂತ್ಕೋ," ಅಂದಳು.

ಮೇಷ್ಟ್ರು ಚಪ್ಪಲಿಯನ್ನೂ ಬಿಡದೆ ಅಲ್ಲೇ ಹೊಸ್ತಿಲ ಮೇಲೆ ಕೂತರು.